ಕಣ್ಣಿನ ಚೀಟಿ ಮೊದಲು, ಲೆನ್ಸ್ ಡಬ್ಬಿ ಆಮೇಲೆ

ಓದಲು, ದುಡಿಯಲು ಹೊರದೇಶಕ್ಕೆ ಹೊರಟವರ ಕಾಂಟ್ಯಾಕ್ಟ್ ಲೆನ್ಸ್ ತಯಾರಿ ಹೇಗಿರಬೇಕು? ಅರಿಶಿನಕುಂಟೆಯಿಂದ ಒಂದು ವಿಶೇಷ ಲೇಖನ

ವಿದೇಶಕ್ಕೆ ಹೊರಟ ಮಕ್ಕಳ ಸೂಟ್‌ಕೇಸಿನಲ್ಲಿ ಮೊದಲು ಜಾಗ ಹಿಡಿಯುವುದು ಕುಕ್ಕರ್. ಆಮೇಲೆ ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ, ಹುರಿದ ಅವಲಕ್ಕಿ. ಸ್ವೆಟರು, ಕೋಟು ತುಂಬಿದ ಮೇಲೆ ಸೂಟ್‌ಕೇಸನ್ನು ತೂಕದ ಕೊಕ್ಕೆಗೆ ನೇತುಹಾಕಿ, 23 ಕೆ.ಜಿ. ದಾಟಿತೇ ಎಂದು ಮನೆಮಂದಿಯೆಲ್ಲ ಬಗ್ಗಿ ನೋಡುತ್ತಾರೆ. ದಾಟಿದ್ದರೆ ಅವಲಕ್ಕಿ ಹೊರಗೆ ಬರುತ್ತದೆ. ಈ ಗಡಿಬಿಡಿಯಲ್ಲಿ ಕಣ್ಣಿನ ನೆನಪಾಗುವುದು ಕೊನೆಯ ವಾರ. ‘ಅಯ್ಯೋ, ಲೆನ್ಸ್ ತಗೋಬೇಕಿತ್ತು’ ಎಂದು ಹತ್ತಿರದ ಆಪ್ಟಿಕಲ್ಸ್‌ಗೆ ಓಡಿ, ಕನ್ನಡಕದ ಪವರ್ ಹೇಳಿ, ಸಿಕ್ಕಿದಷ್ಟು ಡಬ್ಬಿ ತಂದು ಬಟ್ಟೆಗಳ ಸಂದಿಗೆ ತುರುಕುತ್ತಾರೆ.

ನೆಲಮಂಗಲಕ್ಕೆ ಅಂಟಿಕೊಂಡಿರುವ ನಮ್ಮ ಅರಿಶಿನಕುಂಟೆಯಲ್ಲಿ ಈ ಓಡಾಟ ಈಗ ಹೊಸದಲ್ಲ. ಒಂದು ಕಾಲಕ್ಕೆ ಇಲ್ಲಿಯವರಿಗೆ ಊರು ಬಿಡುವುದೆಂದರೆ ಪೀಣ್ಯಕ್ಕೋ ಮೆಜೆಸ್ಟಿಕ್‌ಗೋ ಬಸ್ಸು ಹತ್ತುವುದು. ಇಂದು ತುಮಕೂರು ರಸ್ತೆಯ ಎರಡೂ ಬದಿಯ ಬಡಾವಣೆಗಳಿಂದ ಜರ್ಮನಿ, ಐರ್ಲೆಂಡ್, ಕೆನಡಾ, ಅಮೆರಿಕಕ್ಕೆ ಹುಡುಗ ಹುಡುಗಿಯರು ಹೊರಡುತ್ತಿದ್ದಾರೆ. ವಿಮಾನ ನಿಲ್ದಾಣವೂ ನಮ್ಮ ಜಿಲ್ಲೆಯದೇ. ದೊಡ್ಡಬಳ್ಳಾಪುರದ ಮೇಲೆ ಹೋದರೆ ದೇವನಹಳ್ಳಿ. ಹೊರಡುವ ಈ ಮಕ್ಕಳಲ್ಲಿ ಅನೇಕರ ಕಣ್ಣಿಗೆ ಮೈನಸ್ ಪವರ್ ಇದೆ, ಅವರಲ್ಲಿ ಒಂದಷ್ಟು ಜನ ಕನ್ನಡಕ ಬದಿಗಿಟ್ಟು ಲೆನ್ಸ್ ಹಾಕಿಕೊಳ್ಳುತ್ತಾರೆ. ಲೆನ್ಸ್ ಒಳ್ಳೆಯ ಸಾಧನ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದನ್ನು ಕೊಳ್ಳುವ ರೀತಿ, ಒಯ್ಯುವ ರೀತಿ ಎರಡೂ ಬದಲಾಗಬೇಕು. ಎಷ್ಟು ಡಬ್ಬಿ ಒಯ್ಯಬೇಕು ಎಂಬುದು ಎಲ್ಲರೂ ಮೊದಲು ಕೇಳುವ ಪ್ರಶ್ನೆ. ಕೇಳಬೇಕಾದ ಮೊದಲ ಪ್ರಶ್ನೆ ಬೇರೆ: ನಿಮ್ಮ ಕಣ್ಣಿನ ಲೆನ್ಸ್ ಅಳತೆ ಬರೆದ ಚೀಟಿ ನಿಮ್ಮ ಹತ್ತಿರ ಇದೆಯೇ?

ಕನ್ನಡಕದ ಚೀಟಿ ಸಾಲದು

ಕನ್ನಡಕದ ಪವರೂ ಲೆನ್ಸಿನ ಪವರೂ ಒಂದೇ ಎಂದು ಬಹಳ ಜನ ನಂಬಿದ್ದಾರೆ. ಕಡಿಮೆ ಪವರಿನವರ ಮಟ್ಟಿಗೆ ಅದು ಹೆಚ್ಚುಕಡಿಮೆ ನಿಜ. ಮೈನಸ್ ನಾಲ್ಕು ದಾಟಿದ ಮೇಲೆ ಲೆಕ್ಕ ಬದಲಾಗುತ್ತದೆ. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ಮುಂದೆ ನಿಂತಿರುತ್ತದೆ, ಲೆನ್ಸ್ ಕಣ್ಣಿನ ಮೇಲೇ ಕೂರುತ್ತದೆ. ಈ ಅಂತರ ಇಲ್ಲವಾದಾಗ ಮೈನಸ್ 6.00 ಕನ್ನಡಕದವರಿಗೆ ಸುಮಾರು ಮೈನಸ್ 5.50 ಲೆನ್ಸ್ ಸಾಕು. ಮೈನಸ್ 8.00 ಇದ್ದವರಿಗೆ ಸುಮಾರು ಮೈನಸ್ 7.25.

ನನ್ನ ಅಕ್ಕನ ಮಗಳಿಗೆ ಆದದ್ದು ಇದೇ. ಎಂ.ಎಸ್. ಓದಲು ಜರ್ಮನಿಗೆ ಹೊರಟವಳು, ಎರಡೂ ಕಣ್ಣಿಗೆ ಮೈನಸ್ ಆರು. ಒಂದು ಅಂಗಡಿಯವರು ಕನ್ನಡಕದ ಚೀಟಿ ನೋಡಿ ಅದೇ ಮೈನಸ್ ಆರರ ಲೆನ್ಸ್ ಕೊಟ್ಟಿದ್ದರು. ದೂರದ ಬಸ್ಸಿನ ಬೋರ್ಡು ಲಕಲಕ ಕಾಣುತ್ತಿತ್ತು, ಪುಸ್ತಕ ಹಿಡಿದರೆ ಅರ್ಧ ಗಂಟೆಗೆ ಕಣ್ಣು ಸೋಲುತ್ತಿತ್ತು, ಸಂಜೆಗೆ ತಲೆನೋವು. ಹೊರಡುವ ಆತಂಕ ಇರಬೇಕು ಎಂದು ಮನೆಯಲ್ಲಿ ಎಲ್ಲರೂ ಸುಮ್ಮನಿದ್ದೆವು. ಕೊನೆಗೆ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದಾಗ ಅಲ್ಲಿನ ಆಪ್ಟೊಮೆಟ್ರಿಸ್ಟ್ ಅವಳ ಗಲ್ಲವನ್ನು ಸ್ಲಿಟ್ ಲ್ಯಾಂಪಿನ ಪಟ್ಟಿಯ ಮೇಲೆ ಇಡಿಸಿ, ಸಣ್ಣ ಬೆಳಕಿನ ಗೆರೆ ಹಾಯಿಸಿ, ‘ನಿಧಾನಕ್ಕೆ ರೆಪ್ಪೆ ಮುಚ್ಚಿ ತೆಗಿಯಮ್ಮ’ ಎಂದರು. ಒಮ್ಮೆ ರೆಪ್ಪೆ ಹೊಡೆದರೆ ಲೆನ್ಸ್ ಕೂದಲೆಳೆಯಷ್ಟು ಜಾರಿ ಮತ್ತೆ ಜಾಗಕ್ಕೆ ಬರಬೇಕಂತೆ. ಅವಳದು ಅಲುಗುತ್ತಲೇ ಇರಲಿಲ್ಲ, ಬಿಗಿಯಾಗಿ ಹಿಡಿದಿತ್ತು. ಪವರ್ ತಪ್ಪಿದ್ದಲ್ಲದೆ ಅಳತೆಯೂ ತಪ್ಪಿತ್ತು. ಹೊರಗೆ ಬಂದ ಮೇಲೆ ಅವಳು ಹೇಳಿದ ಮಾತು ಇದು: ‘ಚಿಕ್ಕಮ್ಮ, ಆ ಅಂಗಡಿಯವರು ಚೀಟಿ ನೋಡಿದ್ರೇ ಹೊರತು ನನ್ನ ಕಣ್ಣು ನೋಡಲೇ ಇಲ್ಲ.’

ಕಾಂಟ್ಯಾಕ್ಟ್ ಲೆನ್ಸಿನ ಚೀಟಿಯಲ್ಲಿ ಪ್ರತಿ ಕಣ್ಣಿಗೂ ಪವರ್ ಜೊತೆಗೆ ಬೇಸ್ ಕರ್ವ್ ಇರಬೇಕು. ಲೆನ್ಸಿನ ಒಳಮೈ ಎಷ್ಟು ಬಾಗಿದೆ ಎನ್ನುವ ಅಳತೆ ಅದು, ಮೆತ್ತನೆ ಲೆನ್ಸುಗಳಲ್ಲಿ ಸಾಮಾನ್ಯವಾಗಿ 8.4, 8.6 ಹೀಗೆ. ಡಯಾಮೀಟರ್ ಇರಬೇಕು, 14.0 ಅಥವಾ 14.2 ಮಿಲಿಮೀಟರ್ ಥರ. ಅಡ್ಡ ಪವರ್ ಇದ್ದವರಿಗೆ ಸಿಲಿಂಡರ್, ಆಕ್ಸಿಸ್. ಕಂಪನಿಯ ಹೆಸರು, ಲೆನ್ಸಿನ ಹೆಸರು, ದಿನಕ್ಕೊಂದೋ ತಿಂಗಳಿಗೊಂದೋ ಎಂಬುದು, ಪರೀಕ್ಷೆ ಮಾಡಿದ ತಾರೀಕು, ವೈದ್ಯರ ಸಹಿ, ನೋಂದಣಿ ಸಂಖ್ಯೆ. ಇಷ್ಟೂ ಇಂಗ್ಲಿಷಿನಲ್ಲಿ, ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಇದ್ದರೆ ಅದು ನಿಜವಾದ ಚೀಟಿ. ಕೇಳಿದರೆ ಬರೆದುಕೊಡುತ್ತಾರೆ. ನಾವು ಕೇಳುವುದಿಲ್ಲ, ಅಷ್ಟೇ.

ಅರಿಶಿನಕುಂಟೆಯವರಿಗೆ ಈಗ ದೂರದ ನೆಪವೂ ಇಲ್ಲ. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಮಾದಾವರದವರೆಗೆ ಬಂತು. ಅಲ್ಲಿ ಗಾಡಿ ನಿಲ್ಲಿಸಿ ಹತ್ತಿದರೆ ರಾಜಾಜಿನಗರದ ನಾರಾಯಣ ನೇತ್ರಾಲಯಕ್ಕೂ, ಚಾಮರಾಜಪೇಟೆ ಬಳಿಯ ಸರ್ಕಾರಿ ಮಿಂಟೊ ಕಣ್ಣಾಸ್ಪತ್ರೆಗೂ ಟ್ರಾಫಿಕ್ಕಿನ ಕಾಟವಿಲ್ಲದೆ ಹೋಗಬಹುದು. ಮಿಂಟೊ 1896ರಿಂದ ಈ ನಾಡಿನ ಕಣ್ಣು ನೋಡುತ್ತಿರುವ ಆಸ್ಪತ್ರೆ. ಹೊರಡುವ ದಿನಕ್ಕೆ ಕನಿಷ್ಠ ಆರು ವಾರ ಮೊದಲು ಪರೀಕ್ಷೆ ಆಗಿರಲಿ. ಅಡ್ಡ ಪವರಿನ ಟಾರಿಕ್ ಲೆನ್ಸ್ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದು ಕಡಿಮೆ, ತರಿಸಬೇಕು. ಕೆರಟೊಕೋನಸ್ ಇರುವವರಿಗೆ, ಅಂದರೆ ಕಾರ್ನಿಯಾ ಶಂಕುವಿನ ಹಾಗೆ ಮುಂದಕ್ಕೆ ಚಾಚಿಕೊಂಡವರಿಗೆ, ಬೇಕಾಗುವ ಗಟ್ಟಿ ಲೆನ್ಸ್ ಅಥವಾ ಸ್ಕ್ಲೀರಲ್ ಲೆನ್ಸನ್ನು ಅವರ ಕಣ್ಣಿಗೆಂದೇ ಮಾಡಿಸಬೇಕು. ಹಾಕಿ ನೋಡಿ ತಿದ್ದಿಸಲು ಮೂರ್ನಾಲ್ಕು ಸಲ ಹೋಗಬೇಕಾಗಬಹುದು. ಅಂಥವರು ಇನ್ನೊಂದು ಜೊತೆ ಹೆಚ್ಚಿಗೆ ಮಾಡಿಸಿಕೊಂಡೇ ಹೊರಡಬೇಕು. ಅಲ್ಲಿ ಹೋದ ಹೊಸದರಲ್ಲಿ ಒಂದು ಒಡೆದರೆ ತರಗತಿಯಲ್ಲಿ ಬೋರ್ಡ್ ಕಾಣುವುದಿಲ್ಲ.

ಅಲ್ಲಿನ ಕಾನೂನು, ಇಲ್ಲಿನ ರೂಢಿ

ನಮ್ಮಲ್ಲಿ ಪವರ್ ಹೇಳಿದರೆ ಲೆನ್ಸ್ ಸಿಗುತ್ತದೆ. ಅಮೆರಿಕದಲ್ಲಿ ಸಿಗುವುದಿಲ್ಲ. ಅಲ್ಲಿ 2003ರಲ್ಲಿ ಬಂದ ಕಾನೂನಿನ ಪ್ರಕಾರ ಲೆನ್ಸ್ ಮಾರುವವರ ಹತ್ತಿರ ಗಿರಾಕಿಯ ಚೀಟಿ ಇರಬೇಕು, ಇಲ್ಲವೇ ಅವರು ಅದನ್ನು ಬರೆದ ವೈದ್ಯರನ್ನೇ ವಿಚಾರಿಸಿ ಖಚಿತಪಡಿಸಿಕೊಳ್ಳಬೇಕು. ಬರೆಯುವವರು ಅಲ್ಲಿನ ರಾಜ್ಯದ ಪರವಾನಗಿ ಪಡೆದವರಾಗಿರಬೇಕು. ಪವರೇ ಇಲ್ಲದ ಬಣ್ಣದ ಲೆನ್ಸಿಗೂ ಚೀಟಿ ಬೇಕು. ಅದೇ ಕಾನೂನು ಗಿರಾಕಿಗೆ ಒಂದು ಹಕ್ಕನ್ನೂ ಕೊಟ್ಟಿದೆ: ಲೆನ್ಸ್ ಪರೀಕ್ಷೆ ಮುಗಿದ ಮೇಲೆ ಚೀಟಿಯ ಪ್ರತಿಯನ್ನು ನೀವು ಕೇಳದಿದ್ದರೂ ಕೊಡಬೇಕು. ಬೇರೆ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕರೆ ಅಲ್ಲಿ ಕೊಳ್ಳಬಹುದು. ಇದನ್ನು ತಿಳಿಯದೆ ಎಷ್ಟೋ ಮಕ್ಕಳು ಪರೀಕ್ಷೆ ಮಾಡಿದ ಕಡೆಯೇ ದುಬಾರಿ ಬೆಲೆ ತೆರುತ್ತಾರೆ. ಅಮೆರಿಕದ ಆರೋಗ್ಯ ವಿಮೆಯಲ್ಲಿ ಕಣ್ಣಿನ ಪವರ್ ಪರೀಕ್ಷೆ ಸಾಮಾನ್ಯವಾಗಿ ಸೇರಿರುವುದಿಲ್ಲ, ಅದಕ್ಕೆ ‘ವಿಷನ್ ಇನ್ಶೂರೆನ್ಸ್’ ಬೇರೆ. ಲೆನ್ಸ್ ಅಳತೆಗೆ ಕನ್ನಡಕದ ಪರೀಕ್ಷೆಗಿಂತ ಬೇರೆಯದೇ ಶುಲ್ಕ.

ಬ್ರಿಟನ್ನಿನಲ್ಲೂ ಅವಧಿ ಮುಗಿಯದ ಚೀಟಿ ಬೇಕು. ಜರ್ಮನಿಯ ರೀತಿ ಬೇರೆ. ಅಲ್ಲಿ ‘ಡಿಎಂ’ನಂಥ ಸೋಪು ಶಾಂಪೂ ಮಾರುವ ಸರಪಳಿ ಅಂಗಡಿಯ ಕಪಾಟಿನಲ್ಲೇ ಲೆನ್ಸ್ ಡಬ್ಬಿಗಳನ್ನು ಜೋಡಿಸಿಟ್ಟಿರುತ್ತಾರೆ, ಪವರ್ ನೋಡಿ ನಾವೇ ಎತ್ತಿಕೊಳ್ಳಬಹುದು. ಹಾಗೆ ಎತ್ತಿಕೊಳ್ಳಬೇಕಾದರೂ ಬೇಸ್ ಕರ್ವ್, ಡಯಾಮೀಟರ್ ಗೊತ್ತಿರಲೇಬೇಕಲ್ಲ? ಅಂದರೆ ಯಾವ ದೇಶಕ್ಕೆ ಹೋದರೂ ಚೀಟಿ ಬೇಕೇ ಬೇಕು. ಇಲ್ಲಿನ ಚೀಟಿ ತೋರಿಸಿ ಅಮೆರಿಕದಲ್ಲಿ ಲೆನ್ಸ್ ಕೊಳ್ಳಲು ಆಗದೆ ಹೋದರೂ ಅಲ್ಲಿನ ವೈದ್ಯರು ಅದನ್ನು ನೋಡಿ ಸರಿಯಾದ ಟ್ರಯಲ್ ಲೆನ್ಸಿನಿಂದಲೇ ಶುರುಮಾಡುತ್ತಾರೆ. ನಿಮ್ಮ ಸಮಯವೂ ಹಣವೂ ಉಳಿಯುತ್ತದೆ.

ಎಷ್ಟು ಡಬ್ಬಿ?

ಈಗ ಡಬ್ಬಿಯ ಲೆಕ್ಕಕ್ಕೆ ಬರೋಣ. ದಿನಕ್ಕೊಂದು ಎಸೆಯುವ ಲೆನ್ಸಾದರೆ ಎರಡು ಕಣ್ಣಿಗೆ ವರ್ಷಕ್ಕೆ 730 ಬೇಕು. ಮೂವತ್ತರ ಡಬ್ಬಿಯಾದರೆ ಸುಮಾರು 25 ಡಬ್ಬಿ. ತಿಂಗಳ ಲೆನ್ಸಾದರೆ ವರ್ಷಕ್ಕೆ 24 ಸಾಕು, ಆರರ ಡಬ್ಬಿಯಾದರೆ ನಾಲ್ಕೇ. ಹಾಗೆಂದು ತಿಂಗಳದ್ದೇ ಉತ್ತಮ ಎನ್ನಲಾರೆ. ದಿನದ ಲೆನ್ಸಿಗೆ ಸೊಲ್ಯೂಷನ್ ಬೇಡ, ಕೇಸ್ ಬೇಡ, ತೊಳೆಯುವ ಸೋಮಾರಿತನಕ್ಕೆ ಅವಕಾಶವೂ ಇಲ್ಲ. ಹಾಸ್ಟೆಲ್ಲಿನ ಸಾಮೂಹಿಕ ಬಚ್ಚಲಲ್ಲಿ ನಿಂತು ಲೆನ್ಸ್ ಹಾಕಿಕೊಳ್ಳಬೇಕಾದ ಹೊಸ ವಿದ್ಯಾರ್ಥಿಗೆ ಮೊದಲ ಮೂರು ತಿಂಗಳ ಮಟ್ಟಿಗಾದರೂ ದಿನದ ಲೆನ್ಸೇ ಸುರಕ್ಷಿತ. ಕಣ್ಣಿಗೆ ಸೋಂಕಾದರೆ ಆಗುವ ಖರ್ಚಿನ ಮುಂದೆ ಈ ಹೆಚ್ಚುವರಿ ಹಣ ಏನೂ ಅಲ್ಲ.

ಆರು ತಿಂಗಳಿಗೆ ಆಗುವಷ್ಟು ಒಯ್ಯಿರಿ, ವರ್ಷಕ್ಕಿಂತ ಹೆಚ್ಚು ಬೇಡವೇ ಬೇಡ. ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಪವರ್ ಇನ್ನೂ ಬದಲಾಗುತ್ತಿರುತ್ತದೆ. ಡಬ್ಬಿಯ ಮೇಲಿನ ಎಕ್ಸ್‌ಪೈರಿ ತಾರೀಕು, ಎಡ ಬಲ ಕಣ್ಣಿನ ಪವರ್ ಅಂಗಡಿಯಲ್ಲೇ ನೋಡಿಕೊಳ್ಳಿ. ಎರಡು ಕಣ್ಣಿಗೂ ಬೇರೆ ಬೇರೆ ಪವರ್ ಇದ್ದರೆ ಡಬ್ಬಿಯ ಮೇಲೆ ಮಾರ್ಕರಿನಲ್ಲಿ ದಪ್ಪಗೆ ಬರೆದಿಡಿ. ತಿಂಗಳ ಲೆನ್ಸ್ ಎಂದರೆ ಪೊಟ್ಟಣ ಒಡೆದ ದಿನದಿಂದ ಒಂದು ತಿಂಗಳು. ನಡುವೆ ಹದಿನೈದು ದಿನ ಹಾಕದಿದ್ದರೂ ತಿಂಗಳು ಮುಗಿದರೆ ಮುಗಿಯಿತು. ‘ವಾರಕ್ಕೆರಡು ದಿನ ಹಾಕ್ಕೊಂಡ್ರೆ ಮೂರು ತಿಂಗಳು ಬರುತ್ತೆ’ ಎನ್ನುವ ಲೆಕ್ಕ ತಪ್ಪು.

ಆಮೇಲೆ ಊರಿನಿಂದ ತರಿಸಿಕೊಂಡರಾಯಿತು ಎಂದು ಕೆಲವರು ಅಂದುಕೊಳ್ಳುತ್ತಾರೆ. ಬರುವವರ ಕೈಯಲ್ಲಿ ಚಟ್ನಿಪುಡಿಯ ಜೊತೆ ಎರಡು ಡಬ್ಬಿ ಲೆನ್ಸ್ ಕಳಿಸುವುದು ನಮ್ಮವರ ಪ್ರೀತಿಯ ದಾರಿ. ಕೊರಿಯರ್ ಮಾಡಿದರೆ ಸೊಲ್ಯೂಷನ್ ದ್ರವವೆಂದು ಬೇಡ ಎನ್ನಬಹುದು, ಲೆನ್ಸನ್ನು ಕಸ್ಟಮ್ಸ್‌ನವರು ತಡೆಯಬಹುದು. ಅದಕ್ಕಿಂತ ಮುಖ್ಯವಾದದ್ದು, ಹಳೆಯ ಪವರಿನ ಲೆನ್ಸನ್ನು ವರ್ಷಗಟ್ಟಲೆ ತರಿಸುತ್ತಾ ಹೋದರೆ ಕಣ್ಣಿನ ಪರೀಕ್ಷೆಯೇ ನಡೆಯುವುದಿಲ್ಲ. ಮೊದಲ ವರ್ಷ ಮುಗಿಯುವುದರೊಳಗೆ ಹೋದ ಊರಿನಲ್ಲೇ ಒಬ್ಬ ಕಣ್ಣಿನ ವೈದ್ಯರನ್ನು ಗೊತ್ತುಮಾಡಿಕೊಳ್ಳುವುದು ಸರಿ.

ವಿಮಾನದಲ್ಲಿ ಕನ್ನಡಕವೇ

ಬೆಂಗಳೂರಿನಿಂದ ಯುರೋಪಿಗೆ ಹೋಗುವ ಹಲವು ವಿಮಾನ ನಡುರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಬೆಳಿಗ್ಗೆ ಹಾಕಿದ ಲೆನ್ಸ್, ಮಧ್ಯಾಹ್ನ ನೆಂಟರಿಷ್ಟರ ಭೇಟಿ, ಸಂಜೆ ದೇವಸ್ಥಾನದ ಅರ್ಚನೆ, ರಾತ್ರಿ ಒಂಬತ್ತಕ್ಕೆ ಅರಿಶಿನಕುಂಟೆ ಬಿಟ್ಟು ನಿಲ್ದಾಣದ ಬಾಗಿಲಲ್ಲಿ ಎಲ್ಲರ ಅಳು. ಅತ್ತ ಕಣ್ಣನ್ನು ಉಜ್ಜಿಕೊಂಡರೆ ಲೆನ್ಸ್ ಜಾರುತ್ತದೆ, ಕೈಯ ಕೊಳೆ ಕಣ್ಣಿಗೆ ಹೋಗುತ್ತದೆ. ಆಮೇಲೆ ವಿಮಾನದಲ್ಲಿ ನಿದ್ದೆ. ಕ್ಯಾಬಿನ್ನಿನ ಗಾಳಿಯಲ್ಲಿ ತೇವಾಂಶ ಹಲವು ಸಲ ಶೇ 20ಕ್ಕಿಂತಲೂ ಕಡಿಮೆ. ಲೆನ್ಸ್ ಒಣಗಿ ಕಣ್ಣಿಗೆ ಅಂಟುತ್ತದೆ. ಲೆನ್ಸ್ ಹಾಕಿಕೊಂಡು ಮಲಗಿದರೆ ಸೋಂಕಿನ ಅಪಾಯ ಆರರಿಂದ ಎಂಟು ಪಟ್ಟು ಹೆಚ್ಚುತ್ತದೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಎಚ್ಚರಿಸುತ್ತದೆ. 2021ರ ಜನವರಿಯಲ್ಲಿ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನಡುವೆ ನೇರ ವಿಮಾನ ಶುರುವಾದಾಗ ಪ್ರಯಾಣ ಸುಮಾರು 17 ಗಂಟೆಯದಾಗಿತ್ತು. ಅಷ್ಟು ಹೊತ್ತು ಲೆನ್ಸ್ ಕಣ್ಣಲ್ಲಿ ಇರಬಾರದು. ಮನೆ ಬಿಡುವಾಗಲೇ ಕನ್ನಡಕ ಹಾಕಿಕೊಂಡು ಹೊರಡಿ.

ಕೈಚೀಲದಲ್ಲಿ ಇರಬೇಕಾದದ್ದು ಇಷ್ಟು: ಚೀಟಿಯ ಪ್ರತಿ, ಒಂದು ವಾರಕ್ಕಾಗುವ ಲೆನ್ಸ್, ಹೊಸ ಖಾಲಿ ಕೇಸ್, 60 ಮಿಲಿಲೀಟರಿನ ಸಣ್ಣ ಸೊಲ್ಯೂಷನ್, ವೈದ್ಯರು ಹೇಳಿದ ತೇವದ ಹನಿ. ಕೈಚೀಲದ ದ್ರವಕ್ಕೆ ತಲಾ 100 ಮಿಲಿಲೀಟರಿನ ಮಿತಿ ಬಹುಪಾಲು ನಿಲ್ದಾಣಗಳಲ್ಲಿ ಇದೆ. ದೊಡ್ಡ ಬಾಟಲಿ ಚೆಕ್-ಇನ್ ಸೂಟ್‌ಕೇಸಿಗೆ ಹೋಗಲಿ. ದೊಡ್ಡ ಬಾಟಲಿಯಿಂದ ಸಣ್ಣ ಡಬ್ಬಿಗೆ ಬಗ್ಗಿಸಿಕೊಂಡು ಒಯ್ಯಬೇಡಿ, ಬಗ್ಗಿಸಿದ ಗಳಿಗೆಗೇ ಅದರ ಶುದ್ಧತೆ ಹೋಯಿತು. ಹೈಡ್ರೋಜನ್ ಪೆರಾಕ್ಸೈಡ್ ಸೊಲ್ಯೂಷನ್ ಬಳಸುವವರು ಪ್ರಯಾಣದ ಮಟ್ಟಿಗೆ ಅದನ್ನು ಕೈಚೀಲದಲ್ಲಿ ಇಡದಿರುವುದೇ ಲೇಸು. ಅದಕ್ಕೆ ಅದರದೇ ಕೇಸ್ ಬೇಕು, ಲೆನ್ಸ್ ಆರು ಗಂಟೆ ನೆನೆಯಬೇಕು, ಮರೆತು ನೇರ ಕಣ್ಣಿಗೆ ಹಾಕಿಕೊಂಡರೆ ಉರಿ ತಡೆಯಲಾಗದು.

ಕನ್ನಡಕ ಎರಡು ಜೊತೆ ಇರಲಿ, ಒಂದು ಮೂಗಿನ ಮೇಲೆ, ಇನ್ನೊಂದು ಕೈಚೀಲದಲ್ಲಿ. ಲೆನ್ಸ್ ಹಾಕುವವರ ಕನ್ನಡಕ ಹೆಚ್ಚಾಗಿ ಮೂರು ವರ್ಷ ಹಳೆಯದು, ಗೀಚಿದ ಗಾಜಿನದು. ಹೊಸ ಪವರಿನದನ್ನು ಇಲ್ಲಿಯೇ ಮಾಡಿಸಿ. ನಮ್ಮಲ್ಲಿ ಕನ್ನಡಕ ಅಗ್ಗ. ಯುರೋಪಿನ ಡ್ರೈವಿಂಗ್ ಲೈಸೆನ್ಸಿನಲ್ಲಿ ದೃಷ್ಟಿ ಸರಿಪಡಿಸಿಕೊಂಡೇ ಓಡಿಸಬೇಕಾದವರಿಗೆ 01 ಎಂಬ ಸಂಕೇತ ಹಾಕಿರುತ್ತಾರೆ. ಲೆನ್ಸ್ ಹಾಕಲಾಗದ ದಿನ ಗಾಡಿ ಓಡಿಸಲು ಕನ್ನಡಕವೇ ಗತಿ. ದುಬೈ ಕಡೆ ಹೊರಟವರಿಗೆ ಇನ್ನೊಂದು ಮಾತು: ಅಲ್ಲಿನ ನಿಲ್ದಾಣದಲ್ಲಿ ಕಣ್ಣಿನ ಪಾಪೆಯ ಸ್ಕ್ಯಾನ್ ಇದೆ, ಬಣ್ಣದ ಲೆನ್ಸ್ ಹಾಕಿ ನಿಲ್ಲಬೇಡಿ.

ನೀರು ಎಷ್ಟೇ ಶುದ್ಧವಾದರೂ

ನಮ್ಮ ಕಡೆ ನಲ್ಲಿ ನೀರನ್ನು ಯಾರೂ ನಂಬುವುದಿಲ್ಲ. ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಬರುತ್ತೇವೆ. ಆ ನೀರು ಹೊಟ್ಟೆಗೆ ಶುದ್ಧ, ಲೆನ್ಸಿಗೆ ಅಲ್ಲ. ವಿದೇಶಕ್ಕೆ ಹೋದ ಮಕ್ಕಳು ‘ಇಲ್ಲಿ ನಲ್ಲಿ ನೀರೇ ಕುಡೀಬಹುದು’ ಎಂದು ಹೆಮ್ಮೆಯಿಂದ ಫೋನಿನಲ್ಲಿ ಹೇಳುತ್ತಾರೆ. ಅದೂ ಲೆನ್ಸಿಗೆ ಆಗದು. ನಲ್ಲಿ ನೀರಿನಲ್ಲಿ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು. ಕುಡಿದರೆ ಅದರಿಂದ ತೊಂದರೆಯಿಲ್ಲ. ಲೆನ್ಸಿನ ಕೆಳಗೆ ಸೇರಿಕೊಂಡರೆ ಕಾರ್ನಿಯಾವನ್ನು ಕೊರೆಯುತ್ತದೆ, ನೋವು ವಿಪರೀತ, ಚಿಕಿತ್ಸೆ ತಿಂಗಳುಗಟ್ಟಲೆ. ಇಂಗ್ಲೆಂಡಿನ ಆಗ್ನೇಯ ಭಾಗದಲ್ಲಿ 2011ರಿಂದ ಈಚೆಗೆ ಇದರ ಪ್ರಕರಣ ಸುಮಾರು ಮೂರು ಪಟ್ಟಾಗಿದೆ ಎಂದು ಲಂಡನ್ನಿನ ಯುಸಿಎಲ್ ವಿಶ್ವವಿದ್ಯಾಲಯ ಮತ್ತು ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆಯ ಸಂಶೋಧಕರು 2018ರಲ್ಲಿ ಬರೆದರು. ಕುಡಿಯುವ ನೀರು ಶುದ್ಧವಾಗಿರುವ ಊರಿನ ಕಥೆ ಇದು. ಆದ್ದರಿಂದ ಲೆನ್ಸ್ ಹಾಕಿಕೊಂಡು ಸ್ನಾನ ಬೇಡ, ಈಜು ಬೇಡ, ಒದ್ದೆ ಕೈಯಲ್ಲಿ ಮುಟ್ಟುವುದೂ ಬೇಡ. ಸೋಪಿನಲ್ಲಿ ತೊಳೆದ ಕೈಯನ್ನು ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿಕೊಂಡು ಮುಟ್ಟಬೇಕು. ಅಡುಗೆ ಮಾಡುವ ಮೊದಲೇ ಲೆನ್ಸ್ ಹಾಕಿಕೊಳ್ಳಿ. ಹಸಿಮೆಣಸಿನಕಾಯಿ ಹೆಚ್ಚಿದ ಬೆರಳಿನ ಖಾರ ಒಂದು ಸಲದ ಸೋಪಿಗೆ ಹೋಗುವುದಿಲ್ಲ.

ಸೊಲ್ಯೂಷನ್ನನ್ನು ದಿನವೂ ಹೊಸದಾಗಿ ಹಾಕಬೇಕು. ನಿನ್ನೆಯದರ ಮೇಲೆ ಇವತ್ತು ಎರಡು ಹನಿ ಬಿಡುವುದು ಅಪಾಯ. ಕೇಸನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ. 2006ರಲ್ಲಿ ಬಾಷ್ ಅಂಡ್ ಲಾಂಬ್ ಕಂಪನಿ ತನ್ನ ಒಂದು ಸೊಲ್ಯೂಷನ್ನನ್ನು ಜಗತ್ತಿನಾದ್ಯಂತ ವಾಪಸು ತೆಗೆದುಕೊಳ್ಳಬೇಕಾಯಿತು. ಅದನ್ನು ಬಳಸಿದವರಲ್ಲಿ ಫ್ಯುಸೇರಿಯಂ ಎಂಬ ಶಿಲೀಂಧ್ರದ ಸೋಂಕು ಕಾಣಿಸಿಕೊಂಡಿತ್ತು. ದೊಡ್ಡ ಕಂಪನಿಯ ಬಾಟಲಿ ಎಂದ ಮಾತ್ರಕ್ಕೆ ಮೈಮರೆಯುವಂತಿಲ್ಲ.

ಇಷ್ಟು ಹೆದರಿಸಿದ ಮೇಲೆ ಲೆನ್ಸಿನ ಒಳ್ಳೆಯ ಕಥೆಯನ್ನೂ ಹೇಳಬೇಕು. ಮೆತ್ತನೆ ಲೆನ್ಸನ್ನು ಲೋಕಕ್ಕೆ ಕೊಟ್ಟವರು ಜೆಕ್ ರಸಾಯನ ವಿಜ್ಞಾನಿ ಓಟೊ ವಿಖ್ತರ್ಲೆ. 1961ರ ಕ್ರಿಸ್‌ಮಸ್ ದಿನ ಪ್ರಾಗ್‌ನ ತಮ್ಮ ಮನೆಯಲ್ಲಿ, ಮಕ್ಕಳ ‘ಮೆರ್ಕುರ್’ ಜೋಡಣೆ ಆಟಿಕೆಯ ತುಂಡುಗಳಿಗೆ ಸೈಕಲ್ ಡೈನಮೊ ಸೇರಿಸಿ, ತಿರುಗುವ ಅಚ್ಚಿನಲ್ಲಿ ಅವರು ಮೊದಲ ಲೆನ್ಸುಗಳನ್ನು ಎರೆದರು. ಅದಕ್ಕೂ ಮುಂಚಿನ, 1888ರ ಹೊತ್ತಿನ ಆಡಾಲ್ಫ್ ಫಿಕ್ ಅವರ ಗಾಜಿನ ಲೆನ್ಸನ್ನು ಕೆಲವು ತಾಸು ತಡೆಯುವುದೇ ಕಷ್ಟವಿತ್ತು. ವಿಖ್ತರ್ಲೆ ಅವರ ವಿಧಾನದ ಲೆನ್ಸ್ 1971ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಅನುಮತಿ ಪಡೆಯಿತು. ಇಂದು ನಮ್ಮೂರಿನ ಹುಡುಗಿ ಬೆರಳ ತುದಿಯಲ್ಲಿ ಹಿಡಿಯುವ ಲೆನ್ಸ್ ಆ ಮನೆಯ ಮೇಜಿನ ಮೇಲಿಂದ ಬಂದದ್ದು.

ಕಣ್ಣು ಕೆಂಪಾದರೆ

ಅಪ್ಪು ಹೋದ ದಿನ, 2021ರ ಅಕ್ಟೋಬರ್ 29, ಈ ನಾಡು ಮರೆಯುವಂಥದ್ದಲ್ಲ. ಅಂದು ನಮ್ಮ ಅಪ್ಪು, ನಟ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳನ್ನು ದಾನವಾಗಿ ಪಡೆದ ನಾರಾಯಣ ನೇತ್ರಾಲಯದ ವೈದ್ಯರು ಎರಡು ಕಾರ್ನಿಯಾಗಳ ಮೇಲ್ಪದರ, ಒಳಪದರಗಳನ್ನು ಬೇರ್ಪಡಿಸಿ ನಾಲ್ಕು ಜನರಿಗೆ ದೃಷ್ಟಿ ಕೊಟ್ಟರು. ನೇತ್ರಾಲಯದ ಡಾ. ಭುಜಂಗ ಶೆಟ್ಟಿ ಅದನ್ನು ವಿವರಿಸಿದಾಗ ಕಾರ್ನಿಯಾ ಎಂಬ ಪದ ಮನೆಮನೆಯ ಮಾತಾಯಿತು. ಅರ್ಧ ಮಿಲಿಮೀಟರಿನಷ್ಟು ತೆಳುವಾದ ಆ ಪಾರದರ್ಶಕ ಪಟಲದ ಮೇಲೆಯೇ ಲೆನ್ಸ್ ಕೂರುವುದು. ಅಲ್ಲಿ ಹುಣ್ಣಾಗಿ ಮಾಯ್ದರೆ ಕಲೆ ಉಳಿಯುತ್ತದೆ; ‘ಕಣ್ಣಲ್ಲಿ ಹೂ ಬಿದ್ದಿದೆ’ ಎಂದು ಹಳ್ಳಿಯ ಹಿರಿಯರು ಹೇಳುವುದು ಇದನ್ನೂ ಸೇರಿಸಿಯೇ. ಆಮೇಲೆ ಬದಲಿ ಕಾರ್ನಿಯಾಕ್ಕೆ ಇನ್ನೊಬ್ಬರ ದಾನಕ್ಕಾಗಿ ಕಾಯಬೇಕು.

ಹಾಗಾಗಿ ಕಣ್ಣು ಕೆಂಪಾಗುವುದು, ನೋವು, ನೀರು ಸೋರುವುದು, ಬೆಳಕು ನೋಡಲಾಗದಿರುವುದು, ಮಂಜುಮಂಜಾಗಿ ಕಾಣುವುದು ಇವುಗಳಲ್ಲಿ ಯಾವುದೇ ಒಂದು ಕಂಡರೂ ತಕ್ಷಣ ಲೆನ್ಸ್ ತೆಗೆದು ಕನ್ನಡಕ ಹಾಕಿಕೊಳ್ಳಿ. ಅಜ್ಜಿ ಫೋನಿನಲ್ಲಿ ಹೇಳುವ ಹರಳೆಣ್ಣೆ, ನಂದಿಬಟ್ಟಲು ಹೂವಿನ ರಸ ಬೇಡ. ಊರಿನ ಮೆಡಿಕಲ್‌ನಿಂದ ಇರಲಿ ಎಂದು ಒಯ್ದ ಕಣ್ಣಿನ ಹನಿಯಂತೂ ಬೇಡವೇ ಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಶಿಲೀಂಧ್ರದ ಸೋಂಕು ಉಲ್ಬಣಿಸುತ್ತದೆ. ತಂದೆತಾಯಿಯರಲ್ಲಿ ನನ್ನದೊಂದು ಕೋರಿಕೆ: ‘ಒಂದೆರಡು ದಿನ ನೋಡು, ಸರಿ ಹೋಗುತ್ತೆ’ ಎಂಬ ಸಮಾಧಾನ ಕಣ್ಣಿನ ವಿಷಯದಲ್ಲಿ ಹೇಳಬೇಡಿ. ಅಪರಿಚಿತ ಊರಿನಲ್ಲಿ ಒಂಟಿಯಾಗಿರುವ ಮಗು ಆ ಒಂದು ಮಾತಿಗೆ ಆಸ್ಪತ್ರೆಗೆ ಹೋಗುವುದನ್ನು ಮುಂದೂಡುತ್ತದೆ.

ಹೋದ ಮೊದಲ ವಾರವೇ ಹತ್ತಿರದ ಕಣ್ಣಾಸ್ಪತ್ರೆ ಎಲ್ಲಿದೆ ಎಂದು ತಿಳಿದು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಬ್ರಿಟನ್ನಿನಲ್ಲಿ 111ಕ್ಕೆ, ಜರ್ಮನಿಯಲ್ಲಿ 116117ಕ್ಕೆ ಕರೆ ಮಾಡಿದರೆ ಆಸ್ಪತ್ರೆಯ ಸಮಯ ಮುಗಿದ ಮೇಲೂ ಎಲ್ಲಿಗೆ ಹೋಗಬೇಕೆಂದು ಹೇಳುತ್ತಾರೆ. ಅಮೆರಿಕದಲ್ಲಿ ಓದುವವರು ಮೊದಲು ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಬಹುದು. ಅದೇ ದಿನ ಹೋಗಿ. ಹೋಗುವಾಗ ತೆಗೆದ ಲೆನ್ಸನ್ನೂ ಕೇಸನ್ನೂ ಎಸೆಯದೆ ಜೊತೆಗೆ ಒಯ್ಯಿರಿ; ಯಾವ ಸೂಕ್ಷ್ಮಜೀವಿ ಎಂಬುದನ್ನು ಪ್ರಯೋಗಾಲಯದವರು ಅದರಿಂದಲೂ ಪತ್ತೆ ಹಚ್ಚಬಲ್ಲರು.